ಪ್ರೆಷರ್ ಕುಕ್ಕರಿನಲ್ಲಿ ಹಂದಿಯ ಹೆಗಲು

ಅಮೆರಿಕದ ದಕ್ಷಿಣ ಸಂಸ್ಥಾನಗಳಲ್ಲಿ ಹಂದಿಯ ಹೆಗಲಿನ ಮಾಂಸವನ್ನು ಕೆಂಡದ ಮಂದ ಶಾಖದಲ್ಲಿ ಹತ್ತು ಹನ್ನೆರಡು ಗಂಟೆಗಳ ಕಾಲ ಬೇಯಲು ಬಿಟ್ಟು, ಆಮೇಲೆ ಚಾಕುವಿನ ಸಹಾಯವೇ ಇಲ್ಲದೆ ಎರಡು ಫೋರ್ಕುಗಳಿಂದ ಎಳೆಎಳೆಯಾಗಿ ಬಿಡಿಸಿ, ಬನ್ನಿನ ನಡುವೆ ಇಟ್ಟು ತಿನ್ನುವ ವಾಡಿಕೆಯುಂಟು. ಅದಕ್ಕೆ 'ಪುಲ್ಡ್ ಪೋರ್ಕ್', ಅಂದರೆ ಎಳೆದು ಬಿಡಿಸಿದ ಹಂದಿಮಾಂಸವೆಂದು ಹೆಸರು. ಪೆಸಿಫಿಕ್ ಮಹಾಸಾಗರದ ಹವಾಯಿ ದ್ವೀಪಗಳಲ್ಲಿಯೂ ಇಂಥದೇ ಒಂದು ಅಡಿಗೆ ಬಹು ಹಿಂದಿನಿಂದ ನಡೆದುಬಂದಿದೆ. ಈ ಎರಡು ಸಂಪ್ರದಾಯಗಳೂ ಬೆರೆತು, ಅನಾನಸು, ಶುಂಠಿ, ಸೋಯಾ ಸಾಸ್, ನಿಂಬೆಹುಳಿಗಳು ಕೂಡಿಕೊಂಡು, ಇಂದು 'ಉಷ್ಣವಲಯದ ರುಚಿ'ಯ ಸ್ಯಾಂಡ್‌ವಿಚ್ ಎಂಬ ಹೆಸರಿನಲ್ಲಿ ಮನೆಮನೆಯ ತಿನಿಸಾಗಿದೆ. ವಿಶೇಷವೆಂದರೆ, ಹನ್ನೆರಡು ಗಂಟೆಗಳ ಕೆಲಸ ಪ್ರೆಷರ್ ಕುಕ್ಕರಿನಲ್ಲಿ ಒಂದು ಗಂಟೆಗೆ ಇಳಿದಿದೆ. ಉಳಿದ ಹನ್ನೊಂದು ಗಂಟೆ ಎಲ್ಲಿ ಹೋಯಿತು? ಈ ಪ್ರಶ್ನೆಯನ್ನು ಹಿಡಿದು ಹೊರಟರೆ ಭೌತವಿಜ್ಞಾನ, ರಸಾಯನವಿಜ್ಞಾನ, ಜೀವವಿಜ್ಞಾನ ಮೂರೂ ದಾರಿಯಲ್ಲಿ ಸಿಕ್ಕುತ್ತವೆ.

ಮೊದಲು ಹವಾಯಿಯ ಕ್ರಮವನ್ನು ನೋಡೋಣ. ಅಲ್ಲಿನ ಜನ ನೆಲದಲ್ಲಿ ಗುಂಡಿ ತೋಡಿ, ಕಟ್ಟಿಗೆಯುರಿಯಿಂದ ಜ್ವಾಲಾಮುಖಿಯ ಕಲ್ಲುಗಳನ್ನು ಕಾಯಿಸಿ, ಅವುಗಳ ಮೇಲೆ ಜಜ್ಜಿದ ಬಾಳೆಯ ಕಾಂಡವನ್ನೂ 'ಟೀ' ಎಂಬ ಗಿಡದ ಎಲೆಗಳನ್ನೂ ಹರಡಿ, ಉಪ್ಪು ಸವರಿದ ಇಡೀ ಹಂದಿಯನ್ನು ಇಟ್ಟು, ಮೇಲೆ ಮತ್ತೆ ಎಲೆಗಳನ್ನೂ ಮಣ್ಣನ್ನೂ ಮುಚ್ಚುತ್ತಾರೆ. ಈ ನೆಲದೊಲೆಗೆ 'ಇಮು' ಎಂದೂ, ಅದರಲ್ಲಿ ಬೇಯಿಸುವುದಕ್ಕೆ 'ಕಾಲುವಾ' ಎಂದೂ ಹೆಸರು. ಬಾಳೆಯ ಕಾಂಡದಲ್ಲಿರುವ ನೀರು ಆವಿಯಾಗಿ ಮಾಂಸವನ್ನು ಗಂಟೆಗಟ್ಟಲೆ ಸುತ್ತುವರಿದಿರುತ್ತದೆ. ಬಾಳೆಯನ್ನೂ ಹಂದಿಯನ್ನೂ ದೋಣಿಗಳಲ್ಲಿ ಹೇರಿಕೊಂಡು ಬಂದವರು ಪಾಲಿನೇಷ್ಯದ ನಾವಿಕರು. ಅನಾನಸು ಮಾತ್ರ ಬಹಳ ಈಚಿನ ಅತಿಥಿ. ಅದರ ತವರು ದಕ್ಷಿಣ ಅಮೆರಿಕ. ಹವಾಯಿಯಲ್ಲಿ ಅದು ದೊಡ್ಡ ಉದ್ಯಮವಾದುದು 1901ರಲ್ಲಿ ಜೇಮ್ಸ್ ಡೋಲ್ ಎಂಬಾತ ತನ್ನ ಕಂಪೆನಿಯನ್ನು ಸ್ಥಾಪಿಸಿದ ಮೇಲೆ. ಸ್ಯಾಂಡ್‌ವಿಚ್ಚಿಗೆ ಬಳಸುವ ಸಿಹಿ ಬನ್ನೂ ಹೊರಗಿನದೇ. 1878ರಿಂದೀಚೆಗೆ ಕಬ್ಬಿನ ತೋಟಗಳಲ್ಲಿ ದುಡಿಯಲು ಬಂದ ಪೋರ್ಚುಗೀಸರು ಅದನ್ನು ತಂದರು. ಅದೇ ಪೋರ್ಚುಗೀಸರು ಮುನ್ನೂರು ವರ್ಷ ಮೊದಲೇ ಭಾರತಕ್ಕೆ ಅನಾನಸನ್ನು ತಂದುಕೊಟ್ಟಿದ್ದರು. ಬನವಾಸಿಯ ಸುತ್ತಲಿನ ತೋಟಗಳು ಅದರ ಫಲ.

ಇನ್ನು ಹೆಗಲಿನ ಮಾಂಸವೇ ಏಕೆ? ಹಂದಿ ತನ್ನ ಬದುಕಿನುದ್ದಕ್ಕೂ ದೇಹದ ಭಾರವನ್ನು ಮುಂಗಾಲುಗಳ ಮೇಲೆ ಹೊತ್ತು ತಿರುಗುತ್ತದೆ. ಹೀಗೆ ದುಡಿಯುವ ಸ್ನಾಯುಗಳಲ್ಲಿ ಮಾಂಸದ ಎಳೆಗಳನ್ನು ಕಟ್ಟಿ ಹಿಡಿಯುವ ಪೊರೆಗಳು ದಪ್ಪವಾಗಿಯೂ ಬಲವಾಗಿಯೂ ಇರುತ್ತವೆ. ಸೆಣಬಿನ ಹಗ್ಗವನ್ನು ನೆನೆದುಕೊಳ್ಳಿ. ಎಳೆಗಳು ಸೇರಿ ಹುರಿಯಾಗುತ್ತವೆ, ಹುರಿಗಳು ಸೇರಿ ಹಗ್ಗವಾಗುತ್ತದೆ. ಮಾಂಸದಲ್ಲಿ ಪ್ರತಿ ಎಳೆಗೂ, ಪ್ರತಿ ಹುರಿಗೂ, ಇಡೀ ಹಗ್ಗಕ್ಕೂ ಒಂದೊಂದು ಹೊದಿಕೆಯುಂಟು. ಈ ಹೊದಿಕೆಗಳ ಮುಖ್ಯ ವಸ್ತುವೇ ಕೊಲ್ಲಾಜೆನ್ ಎಂಬ ಪ್ರೋಟೀನು. ಗ್ರೀಕ್ ಮೂಲದ ಈ ಹೆಸರಿಗೆ 'ಅಂಟನ್ನು ಹುಟ್ಟಿಸುವುದು' ಎಂದರ್ಥ. ಬಡಗಿಗಳು ಹಿಂದೆ ಕಾಯಿಸಿ ಬಳಸುತ್ತಿದ್ದ ಅಂಟು, ತೊಗಲನ್ನೂ ಮೂಳೆಯನ್ನೂ ಕುದಿಸಿ ತೆಗೆದ ಕೊಲ್ಲಾಜೆನ್ನಿನ ರೂಪಾಂತರವೇ.

ಈ ಪ್ರೋಟೀನಿನ ರಚನೆಯನ್ನು ಬಿಡಿಸಿದ ಕೀರ್ತಿಯಲ್ಲಿ ನಮ್ಮ ದೇಶಕ್ಕೆ ದೊಡ್ಡ ಪಾಲಿದೆ ಎಂಬುದನ್ನು ವಿದ್ಯಾರ್ಥಿಗಳು ತಿಳಿದಿರಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ. ವಿ. ರಾಮನ್ನರ ಶಿಷ್ಯರಾಗಿದ್ದ ಜಿ. ಎನ್. ರಾಮಚಂದ್ರನ್ ಅವರು ಮದರಾಸು ವಿಶ್ವವಿದ್ಯಾನಿಲಯಕ್ಕೆ ಹೋದ ಮೇಲೆ, ಕಾಂಗರೂವಿನ ಬಾಲದ ಸ್ನಾಯುರಜ್ಜುವಿನ ಮೂಲಕ ಎಕ್ಸ್‌ಕಿರಣಗಳನ್ನು ಹಾಯಿಸಿ ತೆಗೆದ ಚಿತ್ರಗಳನ್ನು ಆಧಾರವಾಗಿಟ್ಟುಕೊಂಡು, ಗೋಪಿನಾಥ ಕರ್ತಾ ಅವರೊಡನೆ 1954ರಲ್ಲಿ ಒಂದು ಮಾದರಿಯನ್ನು ಪ್ರಕಟಿಸಿದರು. ಮೂರು ಸರಪಳಿಗಳು ಒಂದನ್ನೊಂದು ಹೆಣೆದುಕೊಂಡು ಮೂರೆಳೆಯ ಜಡೆಯಂತೆ ಸುತ್ತಿರುತ್ತವೆ ಎಂಬುದು ಅದರ ಸಾರ. ಸರಪಳಿಯ ಪ್ರತಿ ಮೂರನೆಯ ಕೊಂಡಿಯೂ ಗ್ಲೈಸೀನ್ ಎಂಬ, ಅಮೈನೋ ಆಮ್ಲಗಳಲ್ಲೆಲ್ಲ ಅತಿ ಚಿಕ್ಕದಾದ ಅಣು. ಜಡೆಯ ಇಕ್ಕಟ್ಟಾದ ನಡುಭಾಗದಲ್ಲಿ ಬೇರೆ ಯಾವುದಕ್ಕೂ ಎಡೆಯಿಲ್ಲ. ಮಾದರಿಯ ಕೆಲವು ವಿವರಗಳನ್ನು ಮುಂದೆ ಕೇಂಬ್ರಿಜ್ಜಿನವರು ತಿದ್ದಿದರು, ವಾದವೂ ನಡೆಯಿತು. ಮೂರೆಳೆಯ ಜಡೆಯೆಂಬ ಮೂಲ ಕಲ್ಪನೆ ಮಾತ್ರ ನಿಂತಿತು.

ಅಡಿಗೆಯವನ ಕೆಲಸ ಈ ಜಡೆಯನ್ನು ಬಿಚ್ಚುವುದು. ಮಾಂಸ ಬಿಸಿಯಾದಾಗ 50ರಿಂದ 70 ಡಿಗ್ರಿ ಸೆಲ್ಸಿಯಸ್ಸಿನೊಳಗೆ ಎಳೆಗಳ ಪ್ರೋಟೀನುಗಳು ಹೆಪ್ಪುಗಟ್ಟಿ ನೀರನ್ನು ಹಿಂಡಿ ಹೊರಹಾಕುತ್ತವೆ. 60 ದಾಟಿದ ಮೇಲೆ ಕೊಲ್ಲಾಜೆನ್ ಮುದುಡಿಕೊಂಡು ಎಳೆಗಳನ್ನು ಇನ್ನಷ್ಟು ಬಿಗಿಯುತ್ತದೆ. ಆದ್ದರಿಂದ ಬೇಯಿಸಿದ ಮಾಂಸ ಮೊದಲು ಮೆತ್ತಗಾಗುವುದರ ಬದಲು ಗಟ್ಟಿಯಾಗುತ್ತದೆ! ಅನೇಕರು ಇಲ್ಲಿಯೇ ಎದೆಗುಂದಿ ಒಲೆ ಆರಿಸುತ್ತಾರೆ. ತಾಳ್ಮೆಯಿಂದ ಮುಂದುವರಿಸಿದರೆ ಕೊಲ್ಲಾಜೆನ್ನಿನ ಜಡೆ ನೀರಿನ ಸಮಕ್ಷಮದಲ್ಲಿ ನಿಧಾನವಾಗಿ ಬಿಚ್ಚಿಕೊಂಡು ಜಿಲೆಟಿನ್ ಆಗುತ್ತದೆ. ಆಗ ಹೊದಿಕೆಗಳು ಕರಗಿ ಎಳೆಗಳಷ್ಟೇ ಉಳಿಯುತ್ತವೆ. ಕರಗಿದ ಜಿಲೆಟಿನ್ ಒಣಗಿದ ಎಳೆಗಳಿಗೆ ಮತ್ತೆ ಮೃದುತ್ವವನ್ನು ಕೊಡುತ್ತದೆ. ಬೆನ್ನಿನ ಕೊಬ್ಬಿಲ್ಲದ ನಯವಾದ ಮಾಂಸದಲ್ಲಿ ಕೊಲ್ಲಾಜೆನ್ ಅಷ್ಟಾಗಿ ಇಲ್ಲದಿರುವುದರಿಂದ, ಹೆಚ್ಚು ಬೆಲೆ ಕೊಟ್ಟು ಅದನ್ನು ತಂದು ಹೀಗೆ ಬೇಯಿಸಿದರೆ ಸಿಕ್ಕುವುದು ಒಣ ನಾರು ಮಾತ್ರ.

ಜಡೆ ಬಿಚ್ಚುವ ಈ ಕ್ರಿಯೆಯ ವೇಗ ಉಷ್ಣತೆಯನ್ನು ಅವಲಂಬಿಸಿದೆ. ಉಷ್ಣತೆ 10 ಡಿಗ್ರಿ ಏರಿದರೆ ರಾಸಾಯನಿಕ ಕ್ರಿಯೆಯ ವೇಗ ಸುಮಾರು ಎರಡರಷ್ಟಾಗುತ್ತದೆಂದು ಸ್ಥೂಲವಾಗಿ ಹೇಳುವುದುಂಟು. ಆದರೆ ತೆರೆದ ಪಾತ್ರೆಯಲ್ಲಿ ನೀರು ತನ್ನ ಕುದಿಬಿಂದುವನ್ನು ದಾಟದು. ಸಮುದ್ರಮಟ್ಟದಲ್ಲಿ ಅದು 100 ಡಿಗ್ರಿ. 900 ಮೀಟರು ಎತ್ತರದ ಬೆಂಗಳೂರಿನಲ್ಲಿ ಸುಮಾರು 97. ಮಡಿಕೇರಿಯಲ್ಲಿ ಇನ್ನೂ ಒಂದು ಡಿಗ್ರಿ ಕಡಿಮೆ. ಪಂದಿಕರಿಯ ನಾಡಾದ ಕೊಡಗಿನಲ್ಲಿ ತೆರೆದ ಪಾತ್ರೆಯ ಹಂದಿಮಾಂಸ ಕರಾವಳಿಗಿಂತ ನಿಧಾನವಾಗಿ ಬೇಯುವುದು ಈ ಕಾರಣದಿಂದಲೇ.

ಈ ಗಡಿಯನ್ನು ದಾಟಿದವನು ಡೆನಿಸ್ ಪಾಪಿನ್ ಎಂಬ ಫ್ರೆಂಚ್ ವೈದ್ಯ. ಪ್ಯಾರಿಸ್ಸಿನಲ್ಲಿ ಹೈಗೆನ್ಸನಿಗೂ ಲಂಡನ್ನಿನಲ್ಲಿ ರಾಬರ್ಟ್ ಬಾಯ್ಲನಿಗೂ ಸಹಾಯಕನಾಗಿದ್ದ ಈತ 1679ರಲ್ಲಿ ಬಿಗಿಯಾದ ಮುಚ್ಚಳದ ಲೋಹದ ಪಾತ್ರೆಯೊಂದನ್ನು ರಚಿಸಿದನು. ಪಾತ್ರೆ ಸಿಡಿಯದಂತೆ ತೂಕ ಕಟ್ಟಿದ ಸನ್ನೆಯಿಂದ ಒತ್ತಿಟ್ಟ ಕವಾಟವನ್ನೂ ಜೋಡಿಸಿದನು. ಹಬೆಯ ಯಂತ್ರಗಳಿಗೆಲ್ಲ ರಕ್ಷೆಯಾದ ಸುರಕ್ಷಾ ಕವಾಟ ಹೀಗೆ ಅಡಿಗೆಮನೆಯಲ್ಲಿ ಹುಟ್ಟಿತು. ಒಳಗಿನ ಶಾಖವನ್ನು ಅಳೆಯಲು ಆತ ಮುಚ್ಚಳದ ಮೇಲೆ ಒಂದು ಹನಿ ನೀರು ಬಿಟ್ಟು, ಅದು ಆರಿಹೋಗುವಷ್ಟರಲ್ಲಿ ಲೋಲಕ ಎಷ್ಟು ಬಾರಿ ಆಡಿತೆಂದು ಎಣಿಸುತ್ತಿದ್ದನು. 1682ರ ಏಪ್ರಿಲ್ 12ರಂದು ರಾಯಲ್ ಸೊಸೈಟಿಯ ಕೆಲವು ಸದಸ್ಯರು ಆ ಪಾತ್ರೆಯಲ್ಲಿ ಬೆಂದ ಊಟವನ್ನು ಮಾಡಿದರು. ಗಡುಸಾದ ಮೂಳೆಗಳೂ ಮೆದುವಾಗಿದ್ದುದನ್ನೂ, ಖರ್ಚಾದ ಇದ್ದಿಲು ತೀರ ಸ್ವಲ್ಪವೆಂಬುದನ್ನೂ ಜಾನ್ ಈವ್ಲಿನ್ ತನ್ನ ದಿನಚರಿಯಲ್ಲಿ ದಾಖಲಿಸಿದ್ದಾನೆ. ಪಾಪಿನ್ ಮಾತ್ರ ಕೊನೆಗೆ ಬಡತನದಲ್ಲಿಯೇ ತೀರಿಕೊಂಡನು.

ಇಂದಿನ ಕುಕ್ಕರಿನ ತತ್ತ್ವವೂ ಅದೇ. ಮುಚ್ಚಳದ ರಂಧ್ರದ ವ್ಯಾಸ 3 ಮಿಲಿಮೀಟರು ಎಂದಿಟ್ಟುಕೊಳ್ಳೋಣ. ಅದರ ವಿಸ್ತೀರ್ಣ ಸುಮಾರು 0.07 ಚದರ ಸೆಂಟಿಮೀಟರು. ಅದರ ಮೇಲೆ 70 ಗ್ರಾಂ ತೂಕದ ಗುಂಡನ್ನು ಇಟ್ಟರೆ, ಚದರ ಸೆಂಟಿಮೀಟರಿಗೆ ಒಂದು ಕಿಲೋಗ್ರಾಮಿನಷ್ಟು ಹೆಚ್ಚಿನ ಒತ್ತಡ ಬರುವವರೆಗೆ ಆವಿ ಅದನ್ನು ಎತ್ತಲಾರದು. ಆ ಒತ್ತಡದಲ್ಲಿ ನೀರು ಸಮುದ್ರಮಟ್ಟದಲ್ಲಿ 120 ಡಿಗ್ರಿಯಲ್ಲಿ, ಬೆಂಗಳೂರಿನಲ್ಲಿ ಸುಮಾರು 118 ಡಿಗ್ರಿಯಲ್ಲಿ ಕುದಿಯುತ್ತದೆ. ಇಪ್ಪತ್ತು ಡಿಗ್ರಿಯ ಏರಿಕೆಯೆಂದರೆ ನಾಲ್ಕರಷ್ಟು ವೇಗ. ತೆರೆದ ಪಾತ್ರೆಯಲ್ಲಿ ನಾಲ್ಕು ಗಂಟೆ ಕುದಿಯಬೇಕಾದದ್ದು ಒಂದು ಗಂಟೆಗೆ ಮುಗಿಯುತ್ತದೆ. ಕೆಂಡದ ಒಲೆಯಲ್ಲಿ ಮಾಂಸದ ಒಡಲು 100 ಡಿಗ್ರಿಯನ್ನೂ ಮುಟ್ಟದಾದ್ದರಿಂದ ಅಲ್ಲಿ ಹನ್ನೆರಡು ಗಂಟೆ ಬೇಕಾಗುತ್ತದೆ.

ಇಲ್ಲೊಂದು ಮಾತು. ನಮ್ಮ ಮನೆಗಳಲ್ಲಿ ಬೇಳೆಗೆ ಮೂರು ಕೂಗು, ಕಡಲೆಗೆ ಆರು ಕೂಗು ಎಂದು ಲೆಕ್ಕವಿಡುತ್ತಾರೆ. ಕೂಗು ಅಳೆಯುವುದು ಬೇಯುವಿಕೆಯನ್ನಲ್ಲ, ವ್ಯರ್ಥವಾಗಿ ಹೊರಹೋಗುವ ಶಾಖವನ್ನು. ಗುಂಡು ಒಮ್ಮೆ ಎದ್ದ ಮೇಲೆ ಉರಿಯನ್ನು ಎಷ್ಟೇ ಹೆಚ್ಚಿಸಿದರೂ ಒಳಗಿನ ಉಷ್ಣತೆ ಏರದು. ಆವಿ ಹೆಚ್ಚು ಹೋಗುತ್ತದೆ, ಅಷ್ಟೆ. ಮೊದಲ ಕೂಗಿನ ಅನಂತರ ಉರಿಯನ್ನು ತಗ್ಗಿಸಿ ಗಡಿಯಾರ ನೋಡುವುದೇ ಸರಿಯಾದ ಕ್ರಮ.

ಈಗ ಅಡಿಗೆಗೆ ಬರೋಣ. ಮೂಳೆ ತೆಗೆದ ಒಂದು ಕಿಲೋಗ್ರಾಂ ಹೆಗಲಿನ ಮಾಂಸವನ್ನು ನಾಲ್ಕೈದು ದೊಡ್ಡ ತುಂಡುಗಳಾಗಿ ಮಾಡಿ, ಉಪ್ಪು ಸವರಿ, ತೇವವನ್ನು ಒರೆಸಿ, ಸ್ವಲ್ಪ ಎಣ್ಣೆಯಲ್ಲಿ ಎಲ್ಲ ಮಗ್ಗುಲೂ ಕಂದುಬಣ್ಣಕ್ಕೆ ತಿರುಗುವಂತೆ ಹುರಿಯಬೇಕು. ಸಕ್ಕರೆಗಳೂ ಅಮೈನೋ ಆಮ್ಲಗಳೂ ಸೇರಿ ಬಣ್ಣವನ್ನೂ ಪರಿಮಳವನ್ನೂ ಹುಟ್ಟಿಸುವ ಈ ಕ್ರಿಯೆಯನ್ನು 1912ರಲ್ಲಿ ವರ್ಣಿಸಿದವನು ಮೇಯಾರ್ ಎಂಬ ಫ್ರೆಂಚ್ ವಿಜ್ಞಾನಿ. ಒಣಗಿದ, ಬಹಳ ಬಿಸಿಯಾದ ಮೇಲ್ಮೈಯಲ್ಲಿ ಅದು ಚುರುಕಾಗಿ ನಡೆಯುತ್ತದೆ. ಆವಿ ತುಂಬಿದ ಪಾತ್ರೆಯಲ್ಲಿ ಬಹಳ ಮಂದ. ಆದುದರಿಂದ ಅದನ್ನು ಮುಚ್ಚಳ ಹಾಕುವ ಮುನ್ನವೇ ಮುಗಿಸಿಕೊಳ್ಳಬೇಕು. ಅನಂತರ ಜಜ್ಜಿದ ಶುಂಠಿ, ಬೆಳ್ಳುಳ್ಳಿ, ಹಸಿಮೆಣಸಿನಕಾಯಿ, ಎರಡು ಚಮಚ ಸೋಯಾ ಸಾಸ್, ಒಂದು ಬಟ್ಟಲು ಅನಾನಸಿನ ಹೋಳು ಸೇರಿಸಿ, ಅನಾನಸಿನ ರಸವೂ ನೀರೂ ಕೂಡಿ ಅರ್ಧ ಲೀಟರಾಗುವಂತೆ ಹಾಕಿ, ಪಾತ್ರೆಯ ಮೂರರಲ್ಲಿ ಎರಡು ಪಾಲನ್ನು ಮೀರದಂತೆ ನೋಡಿಕೊಂಡು ಮುಚ್ಚಬೇಕು. ಬೆಲ್ಲವನ್ನು ಮಾತ್ರ ಈಗಲೇ ಹಾಕಬಾರದು. ತಳಕ್ಕೆ ಇಳಿದು ಸೀಯುತ್ತದೆ. ಸಣ್ಣ ಉರಿಯಲ್ಲಿ ಐವತ್ತು ನಿಮಿಷ ಸಾಕು. ವಿದ್ಯುತ್ ಕುಕ್ಕರುಗಳಲ್ಲಿ ಒತ್ತಡ ಸಾಮಾನ್ಯವಾಗಿ ತುಸು ಕಡಿಮೆಯಿರುವುದರಿಂದ ಹತ್ತು ಹದಿನೈದು ನಿಮಿಷ ಹೆಚ್ಚಿಗೆ ಕೊಡಬೇಕು.

ಅನಾನಸು ಮಾಂಸವನ್ನು ಮೆತ್ತಗೆ ಮಾಡುತ್ತದೆಂದು ನಂಬಿ ಹಸಿ ರಸವನ್ನು ಹಿಂದಿನ ರಾತ್ರಿಯೇ ಸುರಿದಿಡುವವರುಂಟು. ಈ ಪದ್ಧತಿ ನಮಗೆ ಒಪ್ಪಿಗೆಯಿಲ್ಲ. ಹಸಿ ಅನಾನಸಿನಲ್ಲಿ ಬ್ರೊಮಿಲೇನ್ ಎಂಬ, ಪ್ರೋಟೀನನ್ನು ಕತ್ತರಿಸುವ ಕಿಣ್ವವಿರುವುದು ನಿಜ. ಹಣ್ಣು ತಿಂದಾಗ ನಾಲಿಗೆ ಚುರುಗುಟ್ಟುವುದಕ್ಕೆ ಅದೂ ಒಂದು ಕಾರಣ. ಆದರೆ ಅದು ಹೊದಿಕೆಯನ್ನಷ್ಟೇ ಅಲ್ಲ, ಎಳೆಗಳನ್ನೂ ಕಡಿಯುತ್ತದೆ. ರಾತ್ರಿಯಿಡೀ ಬಿಟ್ಟರೆ ಮಾಂಸದ ಹೊರಮೈ ಹಿಟ್ಟಿನಂತಾಗುತ್ತದೆ, ಒಳಗೆ ಏನೂ ಆಗಿರುವುದಿಲ್ಲ. ಎಳೆ ಬಿಡಿಸಬೇಕಾದ ತಿನಿಸಿಗೆ ಎಳೆಯೇ ಇಲ್ಲದಿದ್ದರೆ ಹೇಗೆ? ಕುಕ್ಕರಿನಲ್ಲಿಯಾದರೋ ಕಾಯುವ ಮೊದಲ ಕೆಲವು ನಿಮಿಷ ಮಾತ್ರ ಕಿಣ್ವಕ್ಕೆ ಅವಕಾಶ. 80 ಡಿಗ್ರಿ ತಲಪುವಷ್ಟರಲ್ಲಿ ಅದು ನಿಷ್ಕ್ರಿಯವಾಗಿರುತ್ತದೆ. ಆಮೇಲೆ ಅನಾನಸು ಕೊಡುವುದು ಹುಳಿ, ಸಿಹಿ, ಒಂದಿಷ್ಟು ಪರಿಮಳ. ಹುಳಿ ಕೊಲ್ಲಾಜೆನ್ ಸಡಿಲವಾಗಲು ನೆರವಾಗುತ್ತದೆ. ಕೊಡಗಿನವರು ಪಂದಿಕರಿಗೆ ಕಾಚಂಪುಳಿ ಹಾಕುವುದು ರುಚಿಗಾಗಿಯೇ ಆದರೂ ಈ ಲಾಭವೂ ಅದರೊಂದಿಗೆ ಬರುತ್ತದೆ. (ಪರಂಗಿಕಾಯಿಯಲ್ಲಿರುವ ಇದೇ ಜಾತಿಯ ಕಿಣ್ವಕ್ಕೆ ಪಾಪೇನ್ ಎಂದು ಹೆಸರು. ನಮ್ಮ ಪಾಪಿನ್ ಮಹಾಶಯನಿಗೂ ಅದಕ್ಕೂ ಸಂಬಂಧವಿಲ್ಲ.)

ಒಲೆ ಆರಿಸಿದ ಮೇಲೆ ಬೇಕಾದದ್ದು ತಾಳ್ಮೆ. 20 ಸೆಂಟಿಮೀಟರು ವ್ಯಾಸದ ಮುಚ್ಚಳದ ವಿಸ್ತೀರ್ಣ 314 ಚದರ ಸೆಂಟಿಮೀಟರು. ಅದನ್ನು ಒಳಗಿನ ಆವಿ ಮೂರು ಕ್ವಿಂಟಲಿಗೂ ಮಿಕ್ಕ ಬಲದಿಂದ ನೂಕುತ್ತಿರುತ್ತದೆ. ಒತ್ತಡವನ್ನು ಒಮ್ಮೆಲೇ ಬಿಟ್ಟರೆ 120 ಡಿಗ್ರಿಯ ನೀರು ಕ್ಷಣದಲ್ಲಿ 100ಕ್ಕೆ ಇಳಿಯಬೇಕು. ಒಂದೊಂದು ಗ್ರಾಂ ನೀರೂ 20 ಕ್ಯಾಲೊರಿ ಶಾಖವನ್ನು ಬಿಡುತ್ತದೆ. ಒಂದು ಗ್ರಾಂ ನೀರು ಆವಿಯಾಗಲು 540 ಕ್ಯಾಲೊರಿ ಬೇಕು. ಅಂದರೆ ಇಪ್ಪತ್ತೇಳರಲ್ಲೊಂದು ಪಾಲು, ಲೀಟರಿಗೆ ಸುಮಾರು 37 ಗ್ರಾಂ, ಒಡನೆಯೇ ಆವಿಯಾಗಿ ಅರುವತ್ತು ಲೀಟರಿನಷ್ಟು ಜಾಗವನ್ನು ಬೇಡುತ್ತದೆ. ಮುಚ್ಚಳವನ್ನು ಬಲಾತ್ಕಾರದಿಂದ ತೆಗೆದವರ ಮುಖ ಸುಡುವುದು ಹೀಗೆ. ಎಳೆಗಳ ನಡುವಿನ ನೀರೂ ಹೀಗೆಯೇ ಕುದಿದು ಹೊರಗೆ ಹಾರುವುದರಿಂದ ಮಾಂಸವೂ ಒಣಗುತ್ತದೆ. ಗುಂಡನ್ನೆತ್ತಿದರೆ ಆವಿಯ ಸದ್ದೇ ಇಲ್ಲವೆಂದಾಗುವ ತನಕ ಪಾತ್ರೆ ತಾನಾಗಿ ಆರಲಿ.

ಆಮೇಲೆ ಮಾಂಸವನ್ನು ತೆಗೆದು ಫೋರ್ಕುಗಳಿಂದ ಬಿಡಿಸುವುದು. ಉಳಿದ ರಸಕ್ಕೆ ಎರಡು ಚಮಚ ಬೆಲ್ಲ ಹಾಕಿ, ತೆರೆದಿಟ್ಟು ಕುದಿಸಿ, ಅರ್ಧಕ್ಕೆ ಇಳಿಸಿ, ಎಳೆಗಳ ಮೇಲೆ ಸುರಿಯುವುದು. ಅಡಿಗೆಮನೆಯೆಲ್ಲ ಅನಾನಸಿನ ಘಮವಿದ್ದರೆ ಅಷ್ಟೂ ಘಮ ತಿನಿಸನ್ನು ಬಿಟ್ಟು ಹೋಗಿದೆಯೆಂದೇ ಲೆಕ್ಕ. ಆದುದರಿಂದ ಕೊನೆಗೆ ಕೆಲವು ಹಸಿ ಹೋಳುಗಳನ್ನೂ ನಿಂಬೆರಸವನ್ನೂ ಸೇರಿಸಿ, ಸಣ್ಣಗೆ ಹೆಚ್ಚಿದ ಕೋಸಿನೊಡನೆ ಬನ್ನಿನ ನಡುವೆ ಇಡಬೇಕು. ಹಸಿ ಮಾಂಸ ಕೊಯ್ದ ಚಾಕುವಿನಿಂದಲೇ ಈ ಕೋಸನ್ನು ಹೆಚ್ಚುವುದು ಮಾತ್ರ ಕೂಡದು. ಅರೆಬೆಂದ ಹಂದಿಮಾಂಸದಿಂದ ಲಾಡಿಹುಳು ಮನುಷ್ಯನ ಕರುಳಿಗೆ ಸೇರುತ್ತದೆ. ಆ ಮನುಷ್ಯನ ಮಲದಲ್ಲಿರುವ ಮೊಟ್ಟೆಗಳು ತೊಳೆಯದ ಕೈ, ತರಕಾರಿಗಳ ಮೂಲಕ ಇನ್ನೊಬ್ಬನ ಹೊಟ್ಟೆ ಸೇರಿದರೆ, ಮರಿಗಳು ಮಿದುಳಿನಲ್ಲಿ ನೆಲೆಸಿ ಮೂರ್ಛೆರೋಗಕ್ಕೆ ಕಾರಣವಾಗಬಹುದು. ಕುಕ್ಕರಿನ ಶಾಖದಲ್ಲಿ ಮಾಂಸದೊಳಗಿನ ಮರಿಗಳು ಉಳಿಯುವುದು ಅಸಾಧ್ಯ; ಕೋಸನ್ನು ಚೆನ್ನಾಗಿ ತೊಳೆಯುವ ಕೆಲಸ ನಮ್ಮದು.

ಹಂದಿಮಾಂಸ ಸಲ್ಲದವರು ನಿರಾಶರಾಗಬೇಕಾಗಿಲ್ಲ. ಅಮೆರಿಕದ ಸಸ್ಯಾಹಾರಿಗಳು ಇದೇ ಸ್ಯಾಂಡ್‌ವಿಚ್ಚನ್ನು ಎಳೆಯ ಹಲಸಿನಕಾಯಿಯಿಂದ, ನಮ್ಮ ಕರಾವಳಿಯವರ ಗುಜ್ಜೆಯಿಂದ, ಮಾಡುತ್ತಾರೆ. ಅಲ್ಲಿ ಎಳೆಗಳನ್ನು ಅಂಟಿಸಿರುವುದು ಕೊಲ್ಲಾಜೆನ್ ಅಲ್ಲ, ಪೆಕ್ಟಿನ್. ಅದು ಬಹು ಬೇಗ ಸಡಿಲಗೊಳ್ಳುವುದರಿಂದ ಹತ್ತು ಹದಿನೈದು ನಿಮಿಷವೇ ಹೆಚ್ಚು.

ಮಾಂಸ ಬೇಯಿಸಿದವರು ಬೆಲ್ಲ ಹಾಕುವ ಮುನ್ನ ಎರಡು ಚಮಚ ರಸವನ್ನು ಸಣ್ಣ ಬಟ್ಟಲಿನಲ್ಲಿ ತೆಗೆದು ರೆಫ್ರಿಜಿರೇಟರಿನಲ್ಲಿಡಲಿ. ಅದರಲ್ಲಿ ಅನಾನಸಿನ ರಸವಿದ್ದರೂ ಮರುದಿನ ಬೆಳಿಗ್ಗೆ ಗಟ್ಟಿಯಾಗಿ ಅಲುಗುವ ಜೆಲ್ಲಿಯಾಗಿರುತ್ತದೆ. ಅದರ ಮೇಲೆ ಒಂದು ಬದಿಗೆ ಹಸಿ ಅನಾನಸಿನ ಹೋಳನ್ನೂ ಇನ್ನೊಂದು ಬದಿಗೆ ಚೆನ್ನಾಗಿ ಬೇಯಿಸಿ ಆರಿಸಿದ ಹೋಳನ್ನೂ ಇಟ್ಟು ಸಂಜೆಯವರೆಗೆ ಕಾದರೆ, ಹಸಿ ಹೋಳಿನ ಕೆಳಗೆ ಜೆಲ್ಲಿ ನೀರಾಗಿರುತ್ತದೆ. ಬೆಂದ ಹೋಳಿನ ಕೆಳಗೆ ಹಾಗೆಯೇ ನಿಂತಿರುತ್ತದೆ.