ಇಳಿವಯಸ್ಸಿನ ಸ್ನಾಯುವಿಗೆ ಮೀನಿನ ಕೊಬ್ಬು

ಜ್ವರ ಬಿಟ್ಟು ಹದಿನೈದು ದಿನವಾದರೂ ಅಜ್ಜಿಗೆ ಕುಳಿತಲ್ಲಿಂದ ಏಳಲಾಗುವುದಿಲ್ಲ. ‘ಮೀನು ಜಿಡ್ಡು, ಬೇಡ’ ಎಂದು ಕುಂದಾಪುರ, ಬೈಂದೂರು, ಬ್ರಹ್ಮಾವರದ ಕಡೆ ವೃದ್ಧರಿಗೆ ಬರೇ ಗಂಜಿ-ಉಪ್ಪಿನಕಾಯಿ ಕೊಡುವ ಮನೆಗಳಿವೆ. ಇದು ಸರಿಯೇ?

ತಿಂದ ಪ್ರೋಟೀನು ಜೀರ್ಣವಾಗಿ ಅಮೈನೋ ಆಮ್ಲಗಳಾಗುತ್ತದೆ. ಅವುಗಳಿಂದ ಸ್ನಾಯು ತನ್ನ ಸವೆತವನ್ನು ತುಂಬಿಕೊಳ್ಳುತ್ತದೆ. ವಯಸ್ಸಾದಂತೆ ಈ ಶಕ್ತಿ ಕುಗ್ಗುತ್ತದೆ. ಗಂಗೊಳ್ಳಿ ಬಂದರಿಗೆ ಬರುವ ಬೈಗೆ (ಬೂತಾಯಿ), ಬಂಗುಡೆಗಳಲ್ಲಿರುವ ಒಮೆಗಾ-3 ಕೊಬ್ಬಿನಾಮ್ಲಗಳು ಇಲ್ಲಿ ನೆರವಾಗಬಲ್ಲವು. 2011ರಲ್ಲಿ ಪ್ರಕಟವಾದ ಅಮೆರಿಕದ ಒಂದು ಸಣ್ಣ ಪ್ರಯೋಗದಲ್ಲಿ ವೃದ್ಧರಿಗೆ ಇವನ್ನು ದಿನಕ್ಕೆ 4 ಗ್ರಾಂನಂತೆ 8 ವಾರ ಕೊಡಲಾಯಿತು. ಆ ಬಳಿಕ ಅಮೈನೋ ಆಮ್ಲ ಒದಗಿಸಿದಾಗ ಸ್ನಾಯು ಕಟ್ಟುವ ಕೆಲಸ ಮೊದಲಿಗಿಂತ ಚುರುಕಾಯಿತು, ಒದಗಿಸದಿದ್ದಾಗ ವ್ಯತ್ಯಾಸವಾಗಲಿಲ್ಲ. ಎಂದರೆ ಕೊಬ್ಬು ಸಹಾಯಕ ಮಾತ್ರ, ಪ್ರೋಟೀನು ಬೇಕೇ ಬೇಕು. ಮೀನಿನಲ್ಲಿ ಎರಡೂ ಇವೆ.

ಊಟದಲ್ಲಿ ಸಿಗುವ ಕೊಬ್ಬಿನಾಮ್ಲ ಆ ಪ್ರಮಾಣಕ್ಕಿಂತ ಕಡಿಮೆ, ನಿಜ. ಆದರೂ ವಾರಕ್ಕೆರಡು ಬಾರಿ ಮೀನುಸಾರು ಹಿತಕರ. ಮೀನು ತಿನ್ನದವರು ಹುರುಳಿ, ಹೆಸರು, ಮೊಸರು ಬಳಸಲಿ. ಅಗಸೆಬೀಜದ ಕೊಬ್ಬಿನಾಮ್ಲ ದೇಹದಲ್ಲಿ ಮೀನಿನದರಂತೆ ಮಾರ್ಪಡುವುದು ಅಲ್ಪಾಂಶ ಮಾತ್ರ. ಮೂತ್ರಪಿಂಡದ ತೊಂದರೆಯುಳ್ಳವರು ವೈದ್ಯರನ್ನು ಕೇಳಿಯೇ ಪ್ರೋಟೀನು ಹೆಚ್ಚಿಸಬೇಕು. ಜೊತೆಗೆ ಅಂಗಳದಲ್ಲಿ ನಾಲ್ಕು ಹೆಜ್ಜೆ ನಡಿಗೆಯೂ ಇರಲಿ.