ಕೌದಿ ಹಿಡಿದಿಟ್ಟ ಗಾಳಿ

ಹಳೆಯ ಹತ್ತಿ ಸೀರೆಗಳನ್ನು ಪದರು ಪದರಾಗಿ ಕೂಡಿಸಿ ಹೊಲಿದ ಕೌದಿಗೆ ಸ್ವಂತದ್ದೆಂಬ ಬಿಸಿ ಎಳ್ಳಷ್ಟೂ ಇಲ್ಲ. ನಂಬಿಕೆ ಬಾರದಿದ್ದರೆ ಫ್ರಿಜ್ಜಿನಿಂದ ಎರಡು ಐಸ್ ತುಂಡು ತೆಗೆದು, ಎರಡನ್ನೂ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಒಂದನ್ನು ಮೇಜಿನ ಮೇಲೆ ಬಿಡಿ, ಇನ್ನೊಂದನ್ನು ಕೌದಿಯಲ್ಲಿ ಸುತ್ತಿಡಿ. ಮೇಜಿನ ಮೇಲಿನದು ಪೂರ್ತಿ ನೀರಾದಾಗಲೂ ಕೌದಿಯೊಳಗಿನದು ಗಟ್ಟಿಯಾಗಿಯೇ ಉಳಿದಿರುತ್ತದೆ. ನಮ್ಮನ್ನು ಬೆಚ್ಚಗಿಡುವ ಹೊದಿಕೆಯೇ ಐಸನ್ನು ತಣ್ಣಗಿಡುತ್ತದೆ. ಶಾಖದ ಓಡಾಟಕ್ಕೆ ಅಡ್ಡ ನಿಲ್ಲುವುದಷ್ಟೇ ಅದರ ಕೆಲಸ. ಶಾಖ ಒಳಗಿನಿಂದ ಹೊರಗೆ ಹೊರಟಿದೆಯೋ, ಹೊರಗಿನಿಂದ ಒಳಗೆ ಬರುತ್ತಿದೆಯೋ ಎಂಬುದು ಅದಕ್ಕೆ ಸಂಬಂಧಿಸಿದ್ದಲ್ಲ.

ಶಾಖ ಕೊಡುವವರು ಹೊದ್ದು ಮಲಗಿದವರು. ನಿದ್ದೆಯಲ್ಲಿರುವ ವಯಸ್ಕರ ಮೈ ಸುಮಾರು 70 ವ್ಯಾಟ್‌ನಷ್ಟು ಶಾಖವನ್ನು ಬಿಟ್ಟುಕೊಡುತ್ತಿರುತ್ತದೆ, ಹಳೆಯ ಕಾಲದ ಬುರುಡೆ ಬಲ್ಬಿನಷ್ಟು. ಈ ಶಾಖ ತಣ್ಣನೆಯ ಕೋಣೆಗೆ ಸೋರಿಹೋಗುವ ವೇಗವನ್ನು ತಗ್ಗಿಸಬೇಕು. ತಗ್ಗಿಸಲು ನಿಸರ್ಗ ಪುಕ್ಕಟೆಯಾಗಿ ಕೊಟ್ಟಿರುವ ವಸ್ತುವೆಂದರೆ ಗಾಳಿ, ಆದರೆ ಅಲುಗಾಡದೆ ನಿಂತ ಗಾಳಿ. ಶಾಖವನ್ನು ಸಾಗಿಸುವುದರಲ್ಲಿ ನೀರು ಗಾಳಿಗಿಂತ ಇಪ್ಪತ್ತು ಪಟ್ಟಿಗೂ ಹೆಚ್ಚು ಚುರುಕು. ಆದರೂ ಬಯಲ ಗಾಳಿಯಲ್ಲಿ ನಮಗೆ ಚಳಿಯಾಗುವುದು ಏಕೆಂದರೆ ಮೈಗೆ ತಾಗಿ ಬಿಸಿಯಾದ ಗಾಳಿ ಎದ್ದು ಹೋಗಿ ಅದರ ಜಾಗಕ್ಕೆ ತಣ್ಣನೆಯದು ಬಂದು ಕೂರುತ್ತದೆ. ಗಾಳಿಯನ್ನು ಸಣ್ಣ ಸಣ್ಣ ಸಂದಿಗಳಲ್ಲಿ ಸಿಕ್ಕಿಸಿ, ಹರಿದಾಡಲು ಬಿಡದಿದ್ದರೆ ಆಟ ಮುಗಿಯಿತು. ಕಂಬಳಿ, ರಜಾಯಿ, ಹಕ್ಕಿಯ ಪುಕ್ಕ ಎಲ್ಲವೂ ಮಾಡುವುದು ಇದನ್ನೇ.

ಹೊದಿಕೆಯ ಈ ಶಕ್ತಿಯನ್ನು ಅಳೆಯಲು 1941ರಲ್ಲಿ ವಿಜ್ಞಾನಿಗಳು ‘ಕ್ಲೋ’ ಎಂಬ ಮಾನವನ್ನು ತಂದರು. 21 ಡಿಗ್ರಿ ಸೆಲ್ಸಿಯಸ್ಸಿನ ಕೋಣೆಯಲ್ಲಿ ಸುಮ್ಮನೆ ಕೂತವರಿಗೆ ಹಿತವೆನಿಸುವಷ್ಟು ಉಡುಪು ಎಂದರೆ ಒಂದು ಕ್ಲೋ. ಬಟ್ಟೆ ಯಾವುದೇ ಇರಲಿ, ಸುಮಾರು ಆರು ಮಿಲಿಮೀಟರ್ ದಪ್ಪಕ್ಕೆ ಒಂದು ಕ್ಲೋ ಎಂಬುದು ಈ ಕ್ಷೇತ್ರದವರ ಸ್ಥೂಲ ಲೆಕ್ಕ. ಗಮನಿಸಿ, ಲೆಕ್ಕ ದಪ್ಪದ್ದು, ತೂಕದ್ದಲ್ಲ. ಭಾರದ ಹೊದಿಕೆ ಹೊದ್ದರೇ ನಿದ್ದೆ ಎನ್ನುವವರಿಗೆ ಬೇರೆ ಕಾರಣಗಳಿರಬಹುದು, ಭೌತಶಾಸ್ತ್ರ ಅವರ ಪರವಾಗಿಲ್ಲ.

ಹಾಗಾದರೆ ಹತ್ತಿ ಸೀರೆಯ ಪದರುಗಳಿಂದ ಈ ದಪ್ಪ ಬರುವುದು ಹೇಗೆ? ಚದರ ಮೀಟರಿಗೆ 100 ಗ್ರಾಂ ತೂಗುವ, 0.3 ಮಿಲಿಮೀಟರ್ ದಪ್ಪದ ಹತ್ತಿ ಬಟ್ಟೆಯೊಂದನ್ನು ಕಲ್ಪಿಸಿಕೊಳ್ಳಿ. ಹತ್ತಿ ಎಳೆಯ ಸಾಂದ್ರತೆ ಘನ ಸೆಂಟಿಮೀಟರಿಗೆ ಒಂದೂವರೆ ಗ್ರಾಮಿನಷ್ಟು. ಭಾಗಿಸಿ ನೋಡಿದರೆ ಆ ಬಟ್ಟೆಯ ಗಾತ್ರದಲ್ಲಿ ಹತ್ತಿಯ ಪಾಲು ಐದರಲ್ಲಿ ಒಂದು, ಉಳಿದ ನಾಲ್ಕು ಪಾಲು ಗಾಳಿ. ಅಂಥ ಎಂಟು ಪದರುಗಳನ್ನು ಒಂದರ ಮೇಲೊಂದು ಒತ್ತಿಟ್ಟರೂ ದಪ್ಪ ಎರಡೂವರೆ ಮಿಲಿಮೀಟರ್ ಮೀರುವುದಿಲ್ಲ. ಮಿಕ್ಕಿದ್ದನ್ನು ಒದಗಿಸುವುದು ಹೊಲಿಗೆ. ಕೌದಿ ಹೊಲಿಯುವಾಗ ನಾಲ್ಕಾರು ಹೊಲಿಗೆಗಳನ್ನು ಒಟ್ಟಿಗೆ ಸೂಜಿಗೆ ಏರಿಸಿ ದಾರವನ್ನು ಎಳೆಯುತ್ತಾರೆ. ಎಳೆದ ದಾರ ಬಟ್ಟೆಗಿಂತ ತುಸು ಗಿಡ್ಡವಾಗುತ್ತದೆ, ಬಟ್ಟೆ ಸಣ್ಣಗೆ ಸುಕ್ಕುಗಟ್ಟಿ ಅಲೆಅಲೆಯಾಗಿ ಏಳುತ್ತದೆ. ಕೌದಿಯ ಮೈ ಮೇಲೆ ಕೈಯಾಡಿಸಿದರೆ ಸಿಗುವ ಆ ಏರಿಳಿತಗಳ ಕೆಳಗೆ, ಪದರು ಪದರುಗಳ ನಡುವೆ, ಗಾಳಿ ಕೂತಿರುತ್ತದೆ. ಅಲೆ ಚಿಕ್ಕದಾದ್ದರಿಂದ ಒಳಗೆ ಗಾಳಿ ಸುತ್ತಾಡಲು ಜಾಗವಿಲ್ಲ. ಯಂತ್ರದಲ್ಲಿ ಸಪಾಟಾಗಿ ಹೊಡೆದ ಹೊಲಿಗೆ ನೋಟಕ್ಕೆ ಅಚ್ಚುಕಟ್ಟು, ನಿಜ. ಆದರೆ ಮೇಲಿನ ದಾರ, ಕೆಳಗಿನ ದಾರ ಎರಡೂ ಸೇರಿ ಪದರುಗಳನ್ನು ಅಮುಕಿಬಿಡುತ್ತವೆ. ನೀಟಾದ ಕೌದಿ ಬೇಕೋ ಬೆಚ್ಚಗಿನ ಕೌದಿ ಬೇಕೋ ಎಂದರೆ ನಾನು ಸುಕ್ಕಿನ ಕಡೆ.

ಕೌದಿ ಬಡವರ ಉಳಿತಾಯದ ವಸ್ತು, ಹೊಸ ಬಟ್ಟೆ ಕೊಳ್ಳಲಾಗದೆ ಹಳೆಯದನ್ನು ಕೂಡಿಸಿ ಹೊಲಿದದ್ದು ಎಂಬ ಮಾತು ರೂಢಿಯಲ್ಲಿದೆ. ಅರ್ಧ ಸತ್ಯ. ಕೈಯಲ್ಲಿ ಹಣವಿದ್ದು ಹೊಸ ಸೀರೆಗಳನ್ನೇ ತಂದು ಹೊಲಿದು ನೋಡಿ, ಕೌದಿ ಚೆನ್ನಾಗಿ ಬರುವುದಿಲ್ಲ. ಇದಕ್ಕೆ ಕಾರಣ ತಿಳಿಯಲು ಹತ್ತಿಯ ಹೊಲಕ್ಕೇ ಹೋಗಬೇಕು.

ಹತ್ತಿಯ ಒಂದೊಂದು ಎಳೆಯೂ ಒಂದೇ ಒಂದು ಜೀವಕೋಶ. ಬೀಜದ ಸಿಪ್ಪೆಯ ಮೇಲಿನ ಕೋಶವೊಂದು ಕಾಯಿಯೊಳಗೆ ಎರಡು ಮೂರು ಸೆಂಟಿಮೀಟರ್ ಉದ್ದಕ್ಕೆ ಚಾಚಿಕೊಂಡು, ಒಳಗೋಡೆಗೆ ಸುತ್ತು ಸುತ್ತಾಗಿ ಸೆಲ್ಯುಲೋಸ್ ಮೆತ್ತಿಕೊಳ್ಳುತ್ತ ಬಲಿಯುತ್ತದೆ. ಕಾಯಿ ಒಡೆದಾಗ ಒಳಗಿನ ರಸ ಆರುತ್ತದೆ, ಕೊಳವೆ ಚಪ್ಪಟೆಯಾಗಿ ರಿಬ್ಬನ್ನಿನಂತೆ ತಿರುಚಿಕೊಳ್ಳುತ್ತದೆ. ಈ ತಿರುಚುಗಳೇ ಒಂದು ಎಳೆ ಇನ್ನೊಂದಕ್ಕೆ ಕಚ್ಚಿಕೊಳ್ಳಲು, ನಡುವೆ ಗಾಳಿ ನಿಲ್ಲಲು ಎಡೆ ಮಾಡಿಕೊಡುತ್ತವೆ. ಹತ್ತಿಯ ವಿಷಯದಲ್ಲಿ ಧಾರವಾಡಕ್ಕೆ ಹೆಮ್ಮೆಪಡುವ ಹಕ್ಕಿದೆ: ಎರಡು ಬೇರೆ ಬೇರೆ ಪ್ರಭೇದಗಳನ್ನು ಕೂಡಿಸಿದ ‘ವರಲಕ್ಷ್ಮಿ’ ತಳಿಯನ್ನು 1972ರಲ್ಲಿ ಕೊಟ್ಟವರು ಅಲ್ಲಿನ ತಳಿವಿಜ್ಞಾನಿ ಬಿ. ಎಚ್. ಕಾತರಕಿ. ಉದ್ದ ಎಳೆಯ ಹತ್ತಿ ನಮ್ಮ ಹೊಲಗಳಲ್ಲಿ ಬೆಳೆಯಲು ಅದು ದಾರಿ ಮಾಡಿತು.

ಎಳೆ ನೂಲಾಗಿ, ನೂಲು ಮಗ್ಗಕ್ಕೇರುವಾಗ ಹಾಸಿನ ನೂಲಿಗೆ ಗಂಜಿ ಹಾಕಿ ಬಿಗಿಯಾಗಿ ಎಳೆದಿರುತ್ತಾರೆ. ಆ ಬಿಗಿತ ಬಟ್ಟೆಯಲ್ಲಿ ಹಾಗೇ ಉಳಿದಿರುತ್ತದೆ. ಮೊದಲ ಕೆಲವು ಸಲ ನೀರಿಗೆ ಬಿದ್ದಾಗ ಎಳೆಗಳು ಉಬ್ಬಿ, ಬಿಗಿತ ಸಡಿಲಿ, ಬಟ್ಟೆ ಕುಗ್ಗುತ್ತದೆ. ಒಂದೊಂದು ಹೊಸ ಬಟ್ಟೆ ಒಂದೊಂದು ಪ್ರಮಾಣದಲ್ಲಿ ಕುಗ್ಗುವುದರಿಂದ, ಅವನ್ನು ಪಕ್ಕಪಕ್ಕ ಹೊಲಿದರೆ ಮೊದಲ ಒಗೆತಕ್ಕೇ ಕೌದಿ ಎಲ್ಲೆಂದರಲ್ಲಿ ಎಳೆದುಕೊಂಡು ಮುದುರುತ್ತದೆ. ವರ್ಷಗಟ್ಟಲೆ ಉಟ್ಟು ಒಗೆದ ಸೀರೆ ಕುಗ್ಗುವಷ್ಟು ಕುಗ್ಗಿ ಆಗಿದೆ. ಬಣ್ಣ ಬಿಡುವಷ್ಟು ಬಿಟ್ಟಾಗಿದೆ. ಗಂಜಿ ಹೋಗಿ, ನೂಲಿನ ಮೇಲ್ಮೈಯಲ್ಲಿ ಎಳೆಗಳ ತುದಿಗಳು ಎದ್ದು ಮೆತ್ತನೆಯ ನವಿರು ಬಂದಿದೆ. ನುಣುಪು ಬಟ್ಟೆ ಚರ್ಮಕ್ಕೆ ಎಲ್ಲ ಕಡೆ ಅಂಟಿ ಒಮ್ಮೆಲೇ ಶಾಖ ಹೀರುವುದರಿಂದ ಮುಟ್ಟಿದ ಕ್ಷಣ ತಣ್ಣಗೆನಿಸುತ್ತದೆ. ನವಿರೆದ್ದ ಬಟ್ಟೆ ತುದಿಗಳಲ್ಲಷ್ಟೇ ತಾಗುತ್ತದೆ. ಕೂಸಿಗೆ ಅಜ್ಜಿಯ ಸೀರೆಯ ಕೌದಿಯೇ ಆಗಬೇಕು ಎನ್ನುವುದರಲ್ಲಿ ಮಮತೆಯ ಜೊತೆಗೆ ವಸ್ತುವಿಜ್ಞಾನವೂ ಇದೆ.

ಇನ್ನು ದಾರ. ಮೂರು ಸೆಂಟಿಮೀಟರ್ ಉದ್ದದ ಎಳೆಗಳಿಂದ ಮಾರುಗಟ್ಟಲೆ ದಾರ ಬರುವುದು, ಅದು ಎಳೆದರೂ ಬಿಚ್ಚಿಕೊಳ್ಳದಿರುವುದು ಸಾಮಾನ್ಯ ಸಂಗತಿಯಲ್ಲ. 1638ರಲ್ಲಿ ಪ್ರಕಟವಾದ ತನ್ನ ಕೊನೆಯ ಗ್ರಂಥದಲ್ಲಿ ಗೆಲಿಲಿಯೊ ಈ ಪ್ರಶ್ನೆ ಎತ್ತಿದ್ದ: ಗಿಡ್ಡ ನಾರುಗಳಿಂದ ಹೊಸೆದ ಉದ್ದನೆಯ ಹಗ್ಗ ಭಾರ ಹೊರುವುದು ಹೇಗೆ? ಹುರಿ ಹಾಕಿದಾಗ ನಾರುಗಳು ಒಂದನ್ನೊಂದು ಒತ್ತುತ್ತವೆ, ಎಳೆದಷ್ಟೂ ಒತ್ತು ಹೆಚ್ಚುತ್ತದೆ ಎಂಬುದು ಉತ್ತರದ ತಿರುಳು. ಗಣಿತ ಅಷ್ಟಕ್ಕೇ ಮುಗಿಯಲಿಲ್ಲ. 2018ರಲ್ಲಿ ವಾರೆನ್, ಬಾಲ್, ಗೋಲ್ಡ್‌ಸ್ಟೈನ್ ಎಂಬ ಮೂವರು ಭೌತವಿಜ್ಞಾನಿಗಳು ‘ಬಟ್ಟೆ ಯಾಕೆ ಬಿಚ್ಚಿಹೋಗುವುದಿಲ್ಲ’ ಎಂಬುದನ್ನೇ ಸಂಶೋಧನೆಯ ವಿಷಯ ಮಾಡಿಕೊಂಡು ಪ್ರಬಂಧ ಪ್ರಕಟಿಸಿದರು. ಸಣ್ಣ ಸಣ್ಣ ಘರ್ಷಣೆಗಳು ಒಂದು ಮಿತಿ ದಾಟಿದೊಡನೆ ಇಡೀ ನೂಲು ಒಂದೇ ಘನವಸ್ತುವಿನಂತೆ ವರ್ತಿಸತೊಡಗುತ್ತದೆ ಎಂದು ತೋರಿಸಿದರು. ಹಗ್ಗದಿಂದ ನೂಲಿನವರೆಗೆ ಬರಲು ಭೌತಶಾಸ್ತ್ರಕ್ಕೆ 380 ವರ್ಷ ಹಿಡಿಯಿತು!

ಕೌದಿಯ ಹೊಲಿಗೆಯನ್ನು ಹಿಡಿದಿಟ್ಟಿರುವುದೂ ಘರ್ಷಣೆಯೇ. ಬಾವಿಯ ಹಗ್ಗವನ್ನು ಕಂಬಕ್ಕೆ ಎರಡು ಸುತ್ತು ಹಾಕಿ ತುದಿಯನ್ನು ಬೆರಳಲ್ಲಿ ಹಿಡಿದರೆ ಸಾಕು, ತುಂಬಿದ ಕೊಡ ನಿಂತಲ್ಲೇ ನಿಲ್ಲುತ್ತದೆ. ಸುತ್ತು ಏರಿದಂತೆ ಹಿಡಿತ ಕೂಡುತ್ತ ಹೋಗುವುದಿಲ್ಲ, ಗುಣಿಸುತ್ತ ಹೋಗುತ್ತದೆ. ಓಟದ ಹೊಲಿಗೆಯಲ್ಲಿ ದಾರ ಒಳಗಿಳಿದು ಮೇಲೇಳುವಾಗ ಪ್ರತಿ ಸಲವೂ ಬಾಗುತ್ತದೆ. ಒಂದು ಹೊಲಿಗೆಗೆ ಅರ್ಧ ಸುತ್ತು, ಘರ್ಷಣಾಂಕ 0.3 ಎಂದಿಟ್ಟುಕೊಂಡರೆ ನಾಲ್ಕು ಹೊಲಿಗೆಗೆ ಹಿಡಿತ 40 ಪಟ್ಟು ದಾಟುತ್ತದೆ, ಎಂಟಕ್ಕೆ 1,800 ಪಟ್ಟು. ನಿಜದ ಹೊಲಿಗೆಯಲ್ಲಿ ಬಾಗು ಇಷ್ಟು ಕಡಿದಾಗಿರುವುದಿಲ್ಲ, ಅಂಕಿ ಅಷ್ಟು ದೊಡ್ಡದಾಗದು. ಆದರೂ ನಡುವೆ ಎಲ್ಲೋ ದಾರ ಹರಿದರೆ ಸಾಲು ಸರ್ರನೆ ಬಿಚ್ಚಿಕೊಳ್ಳದೆ ಅಲ್ಲಿಗೇ ನಿಲ್ಲುವುದು ಈ ಗುಣಾಕಾರದಿಂದ. ದಾರದ ಕೊನೆಯಲ್ಲಿ ಒಂದೆರಡು ಹಿಂಹೊಲಿಗೆ ಹಾಕಿದರೆ ಗಂಟು ಇಲ್ಲದೆಯೂ ನಡೆಯುತ್ತದೆ.

ಹರಿದ ಬಟ್ಟೆ ಇನ್ನಷ್ಟು ಸುಲಭವಾಗಿ ಹರಿಯುವುದು ಎಲ್ಲರಿಗೂ ಗೊತ್ತು. ಬಟ್ಟೆಯ ಮೇಲಿನ ಎಳೆತವೆಲ್ಲ ಹರಿದ ಜಾಗದ ತುದಿಯಲ್ಲಿರುವ ಒಂದೆರಡು ನೂಲುಗಳ ಮೇಲೆ ಬೀಳುತ್ತದೆ. ಅವು ತುಂಡಾದರೆ ಸರದಿ ಮುಂದಿನವುಗಳದ್ದು. ಕೌದಿಯಲ್ಲಿ ಈ ಓಟಕ್ಕೆ ಬೆರಳಗಲಕ್ಕೊಂದು ತಡೆಗೋಡೆ. ಹರಕು ಹೊಲಿಗೆಯ ಸಾಲಿಗೆ ಬಂದಾಗ ಹಲವು ಪದರುಗಳು ಒಟ್ಟಾಗಿ ಎದುರು ನಿಲ್ಲುತ್ತವೆ. ಪ್ಯಾರಾಶೂಟ್, ಟೆಂಟುಗಳಿಗೆ ಬಳಸುವ ‘ರಿಪ್‌ಸ್ಟಾಪ್’ ಬಟ್ಟೆಯಲ್ಲಿ ದಪ್ಪ ನೂಲಿನ ಚೌಕಳಿ ಮಾಡುವ ಕೆಲಸವೂ ಇದೇ.

ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡದ ಸಿದ್ದಿ ಹೆಂಗಸರ ಕೌದಿಯನ್ನು ಇಲ್ಲಿ ಬೇರೆಯಾಗಿಯೇ ಹೇಳಬೇಕು. ಅವರದನ್ನು ಕವಂದಿ ಎನ್ನುತ್ತಾರೆ. ಪೂರ್ವ ಆಫ್ರಿಕಾದಿಂದ ಬಂದವರ ಸಂತತಿ ಇವರು. ಅನೇಕ ದೇಶಗಳಲ್ಲಿ ಇಂಥ ಹೊದಿಕೆಯನ್ನು ನಡುವಿನಿಂದ ಹೊಲಿಯಲು ಶುರುಮಾಡಿ ಸುಕ್ಕನ್ನು ಅಂಚಿನತ್ತ ತಳ್ಳುತ್ತಾರೆ. ಸಿದ್ದಿಯರು ಮೂಲೆಯಿಂದ ಹೊರಟು, ಅಂಚಿನಗುಂಟ ಸುತ್ತುತ್ತ, ನಡುವಿಗೆ ಬಂದು ಮುಗಿಸುತ್ತಾರೆ. ಹೀಗೆ ಮಾಡಿದರೆ ಹೆಚ್ಚುವರಿ ಬಟ್ಟೆಯೆಲ್ಲ ನಡುವೆ ಬಂದು ಗುಪ್ಪೆಯಾಗಬೇಕಲ್ಲ? ಆಗುವುದಿಲ್ಲ. ತುಂಡುಗಳನ್ನು ಮೊದಲೇ ಜೋಡಿಸಿಟ್ಟಿರುವುದಿಲ್ಲ. ಹೊಲಿಗೆ ಮುಂದುವರಿದಂತೆ ಒಂದೊಂದನ್ನೇ ಇಟ್ಟು, ಅಂಚು ಮಡಚಿ, ಹೊಲಿಯುತ್ತ ಹೋಗುತ್ತಾರೆ. ನನಗೆ ಕಾಣುವಂತೆ, ಪ್ರತಿ ಸುತ್ತಿನಲ್ಲೂ ಲೆಕ್ಕ ಹೊಸದಾಗಿ ಸರಿಹೋಗುವುದರಿಂದ ತಪ್ಪು ಕೂಡುತ್ತ ಹೋಗಲು ಅವಕಾಶವೇ ಇಲ್ಲ. ಮುಗಿದ ಮೇಲೆ ನಾಲ್ಕು ಮೂಲೆಗೆ ಬಟ್ಟೆಯ ‘ಹೂ’ ಕೂರಿಸುತ್ತಾರೆ. ಅದಕ್ಕೆ ಭೌತಶಾಸ್ತ್ರದ ಕಾರಣ ಹುಡುಕುವುದು ಬೇಡ.

ಬಯಲುಸೀಮೆಯ ಮನೆಗಳಲ್ಲಿ ಮಹಾನವಮಿಗೆ ಮುಂಚೆ ಹಾಸಿಗೆ ಹೊದಿಕೆಗಳನ್ನೆಲ್ಲ ಹಳ್ಳಕ್ಕೋ ಕೆರೆಗೋ ಹೊತ್ತು ಒಗೆಯುವುದುಂಟು. ನೀರು ಕುಡಿದ ಕೌದಿಯನ್ನು ಎತ್ತಲು ಇಬ್ಬರು ಬೇಕು, ಮೇಲೆ ಕಲ್ಲಿಗೆ ಬೀಸಿ ಬಡಿಯುವ ಹೊಡೆತ ಬೇರೆ. ಹತ್ತಿ ಅದನ್ನು ತಾಳಿಕೊಳ್ಳುತ್ತದೆ, ಏಕೆಂದರೆ ಒದ್ದೆಯಾದಾಗ ಹತ್ತಿಯ ಎಳೆ ಇನ್ನಷ್ಟು ಗಟ್ಟಿಯಾಗುತ್ತದೆ. ನೀರು ಒಳಹೊಕ್ಕಾಗ ಸೆಲ್ಯುಲೋಸ್ ಸರಪಳಿಗಳು ತುಸು ಸರಿದು, ಭಾರವನ್ನು ಸಮನಾಗಿ ಹಂಚಿಕೊಳ್ಳುತ್ತವೆ. ಅದೇ ಸೆಲ್ಯುಲೋಸನ್ನು ಕರಗಿಸಿ ತೆಗೆದ ರೇಯಾನ್, ಅಂದರೆ ನಮ್ಮ ಆರ್ಟ್ ಸಿಲ್ಕ್, ಒದ್ದೆಯಾದರೆ ಸುಮಾರು ಅರ್ಧದಷ್ಟು ಬಲ ಕಳೆದುಕೊಳ್ಳುತ್ತದೆ. ಇಳಕಲ್ ಸೀರೆಯ ಆರ್ಟ್ ಸಿಲ್ಕ್ ಸೆರಗನ್ನು ಕೌದಿಯಲ್ಲಿ ನಡುಮಧ್ಯ ಮೆರೆಸುವ ಆಸೆ ಇದ್ದರೆ ಇದು ನೆನಪಿರಲಿ. ಒಗೆದದ್ದನ್ನು ಬಿಸಿಲಿಗೆ ಹಾಕಿದಾಗ ಬರುವ ಆ ಹಿತವಾದ ವಾಸನೆಗೂ ಕಾರಣ ಸಿಕ್ಕಿದೆ. ಒದ್ದೆ ಹತ್ತಿ ಟವೆಲ್ಲುಗಳನ್ನು ಬಿಸಿಲಲ್ಲಿ ಒಣಗಿಸಿ ನೋಡಿದ ರಸಾಯನ ವಿಜ್ಞಾನಿಗಳಿಗೆ, ನೆರಳಲ್ಲಿ ಒಣಗಿದವುಗಳಲ್ಲಿ ಕಾಣದ ಆಲ್ಡಿಹೈಡ್ ಮತ್ತು ಕೀಟೋನ್‌ಗಳು ಅವುಗಳಲ್ಲಿ ಸಿಕ್ಕಿದವು. ಇಂಥ ವಸ್ತುಗಳು ಸುಗಂಧದ್ರವ್ಯಗಳಲ್ಲೂ ಇರುತ್ತವೆ. ಅತಿನೇರಳೆ ಕಿರಣ ಬಟ್ಟೆಯನ್ನೂ ನಿಧಾನಕ್ಕೆ ತಿನ್ನುತ್ತದೆ, ಹಾಗಾಗಿ ವಾಸನೆಯ ಆಸೆಗೆ ವಾರಗಟ್ಟಲೆ ಮಾಳಿಗೆಯ ಮೇಲೆ ಬಿಡಬಾರದು.

ಮಧ್ಯಾಹ್ನದ ಊಟ ಮುಗಿದು ಪಡಸಾಲೆಯಲ್ಲಿ ನಾಲ್ಕು ಜನ ಕೂತು, ಕೌದಿಯ ನಾಲ್ಕು ಅಂಚು ತೊಡೆಯ ಮೇಲೆಳೆದುಕೊಂಡು ಹೊಲಿಯುವಾಗ ಯಾರೂ ಸೂಜಿಯನ್ನೇ ನೋಡುತ್ತ ಕೂರುವುದಿಲ್ಲ. ಕಣ್ಣು ಮಾತಾಡುವವರ ಮುಖದ ಮೇಲಿರುತ್ತದೆ. ಬೆರಳ ತುದಿಯ ಚರ್ಮ ಎರಡು ಮಿಲಿಮೀಟರ್ ಅಂತರದ ಎರಡು ಮೊನೆಗಳನ್ನು ಬೇರೆ ಬೇರೆ ಎಂದು ಗುರುತಿಸಬಲ್ಲದು. ಬೆನ್ನಿಗೆ ಆ ಅಂತರ ನಾಲ್ಕಾರು ಸೆಂಟಿಮೀಟರ್ ಇರಬೇಕು. ಕೆಳಗೆ ಇಟ್ಟ ಕೈಯ ಬೆರಳು ಸೂಜಿಯ ಮೊನೆ ಬಂದದ್ದನ್ನು ಹೇಳುತ್ತದೆ, ಮೇಲಿನ ಕೈ ಅದನ್ನು ತಿರುಗಿಸುತ್ತದೆ. ಸಾಕಷ್ಟು ಅಭ್ಯಾಸವಾದ ಮೇಲೆ ಈ ಸಂವಾದ ಮಿದುಳಿನ ಆಳದ ಭಾಗಗಳಿಗೆ, ಹಿಮ್ಮಿದುಳಿಗೆ ಒಪ್ಪಿಸಲ್ಪಟ್ಟು ಮಾತಿಗೆ, ನಗೆಗೆ, ಊರ ಸುದ್ದಿಗೆ ಮನಸ್ಸು ಬಿಡುವಾಗುತ್ತದೆ. ಕೈಕೆಲಸದ ಸುಖ ಬಹುಪಾಲು ಇದೇ ಇರಬೇಕು: ಕೈಗೆ ಕೆಲಸವಿದೆ, ತಲೆಗೆ ರಜೆ. ನಲವತ್ತೈದು ದಾಟಿದವರಿಗೆ ಸೂಜಿಗೆ ದಾರ ಪೋಣಿಸುವುದೊಂದೇ ಕಷ್ಟ, ಕಣ್ಣಿನ ಮಸೂರ ಬಿರುಸಾಗಿರುತ್ತದೆ. ಅದಕ್ಕೆ ಮೊಮ್ಮಕ್ಕಳಿದ್ದಾರೆ.

ಈಗಿನ ತೊಂದರೆ ಬೇರೆಯದು. ಕಪಾಟಿನಲ್ಲಿರುವ ಹಳೆಯ ಸೀರೆಗಳಲ್ಲಿ ಹತ್ತಿಯವು ಕಡಿಮೆ, ಪಾಲಿಯೆಸ್ಟರ್ ಹೆಚ್ಚು. ಅದು ಹರಿಯುವುದಿಲ್ಲ, ಬಣ್ಣ ಮಾಸುವುದಿಲ್ಲ, ಬೇಗ ಒಣಗುತ್ತದೆ. ಆದರೆ ಮಲಗಿದವರ ಚರ್ಮದಿಂದ ರಾತ್ರಿಯಿಡೀ ಅರಿವಿಗೇ ಬಾರದಂತೆ ಹೊರಬೀಳುವ ನೂರು ಮಿಲಿಲೀಟರಿಗೂ ಮೀರಿದ ತೇವಕ್ಕೆ ಜಾಗ ಬೇಕು. ಸಾಮಾನ್ಯ ಹವೆಯಲ್ಲಿ ಹತ್ತಿ ತನ್ನ ಒಣ ತೂಕದ ಶೇ 8ರಷ್ಟು ತೇವವನ್ನು ಒದ್ದೆ ಅನ್ನಿಸದೆ ಒಳಗಿಟ್ಟುಕೊಳ್ಳುತ್ತದೆ, ಪಾಲಿಯೆಸ್ಟರ್ ಶೇ 0.4ರಷ್ಟು. ತೇವ ಹೋಗಲು ದಾರಿಯಿಲ್ಲದೆ ಮೈಗೆ ಅಂಟುತ್ತದೆ. ನುಣುಪಾದ ಪದರುಗಳು ಒಂದರ ಮೇಲೊಂದು ಜಾರುವುದರಿಂದ ಹೊಲಿಗೆಯೂ ನೆಟ್ಟಗೆ ಕೂರುವುದಿಲ್ಲ.

ಸೀರೆ ಯಾವುದರದ್ದೆಂದು ಗೊತ್ತಾಗದಿದ್ದರೆ ಅಂಚಿನಿಂದ ಎರಡು ನೂಲು ಎಳೆದು, ಚಿಮಟದಲ್ಲಿ ಹಿಡಿದು, ನೀರಿನ ಬಟ್ಟಲಿನ ಮೇಲೆ ಬೆಂಕಿ ತೋರಿಸಿ. ಹತ್ತಿ ಕಾಗದದ ವಾಸನೆ ಬಿಡುತ್ತ ಉರಿದು, ಮುಟ್ಟಿದರೆ ಪುಡಿಯಾಗುವ ಬೂದಿಯಾಗುತ್ತದೆ. ಪಾಲಿಯೆಸ್ಟರ್ ಜ್ವಾಲೆಯಿಂದ ಹಿಂದೆ ಸರಿದು, ಕರಗಿ, ಆರಿದ ಮೇಲೆ ಗಟ್ಟಿ ಮಣಿಯಾಗುತ್ತದೆ; ಕರಗಿದ ಹನಿ ಕೈಗೆ ಬಿದ್ದರೆ ಸುಡುತ್ತದೆ. ಬೂದಿ, ಮಣಿ ಎರಡೂ ಸಿಕ್ಕರೆ ಅದು ಮಿಶ್ರಣ. ಅಂಥದ್ದನ್ನು ಎಸೆಯಬೇಕಿಲ್ಲ, ನಡುವಿನ ಪದರಿಗೆ ಹಾಕಿ. ಮೈಗೆ ತಾಗುವ ಬದಿಗೆ ಮಾತ್ರ ಬೂದಿಯಾದ ಸೀರೆಯೇ ಇರಲಿ.