ಭಂಗಾರದಾಗ ಬಂಗಾರ: ಹಳೆ ಕಾರಿನ ರೂಪಕ್ಕೆ ಯಾವ ಇಂಜಿನ್?

ಮರಾಠಿಯಲ್ಲಿ 'ಭಂಗಾರ' ಅಂದರೆ ಗುಜರಿ. ಕನ್ನಡದಲ್ಲಿ 'ಬಂಗಾರ' ಅಂದರೆ ಏನೆಂದು ಹೇಳಬೇಕಾಗಿಲ್ಲ. ಎರಡೂ ಭಾಷೆ ಬಲ್ಲ ಗಡಿ ಭಾಗದ ಮಂದಿಗೆ ಈ ಒಂದಕ್ಷರದ ಅಂತರ ಚೆನ್ನಾಗಿ ಗೊತ್ತು. ಅರಿಷಿಣ, ಒಣದ್ರಾಕ್ಷಿ ಮಾರಲು ಸಾಂಗಲಿ ಪೇಟೆಗೆ ಹೋದ ಅಥಣಿ, ಕಾಗವಾಡ ಕಡೆಯ ರೈತ ಟ್ರ್ಯಾಕ್ಟರಿನ ಒಂದು ಸಾಮಾನು ಹುಡುಕಿಕೊಂಡು ಮಿರಜದ ಗ್ಯಾರೇಜಿಗೂ ಹೋಗಿ ಬರುತ್ತಾನೆ. ಜೊತೆಗೆ ಹೋದ ಮಗನ ಕಣ್ಣು ಬೇರೆಡೆಗೆ. ಮೊಬೈಲಿನಲ್ಲಿ ಅರವತ್ತರ ದಶಕದ ಸ್ಪೋರ್ಟ್ಸ್ ಕಾರಿನ ಚಿತ್ರ ತೋರಿಸಿ ಕೇಳುತ್ತಾನೆ: "ಮಿಸ್ತ್ರಿ ಕಾಕಾ, ಇಂಥಾದ್ದೊಂದು ಮಾಡೋಣೇನ್ರೀ? ಲಾರಿದು ದೊಡ್ಡ ಇಂಜಿನ್ ಕೂಡಿಸಿ?"

ಅನುಭವಸ್ಥ ಮಿಸ್ತ್ರಿ ನಗುತ್ತಾನೆ. "ತಮ್ಮಾ, ಓಡಸೂದು ಸಸಾರ. ನಿಂದರಸೂದು ಕಠಿಣ."

ಈ ಮಾತಿನಲ್ಲಿ ಎಷ್ಟು ಹುರುಳಿದೆ ಎಂಬುದನ್ನು ನೋಡೋಣ.

ಕೋಬ್ರಾ ಕಲಿಸಿದ ಪಾಠ

ಜಗತ್ತಿನಲ್ಲಿ ಅತಿ ಹೆಚ್ಚು ನಕಲು ಕಂಡ ಸ್ಪೋರ್ಟ್ಸ್ ಕಾರುಗಳಲ್ಲಿ ಕೋಬ್ರಾ ಒಂದು. ಅಮೆರಿಕದ ಕ್ಯಾರೊಲ್ ಶೆಲ್ಬಿ 1962ರಲ್ಲಿ ಇಂಗ್ಲೆಂಡಿನ ಎಸಿ ಕಂಪನಿಯ ಹಗುರ ಕಾರಿಗೆ ಫೋರ್ಡಿನ ವಿ-8 ಇಂಜಿನ್ ಕೂಡಿಸಿದ. ಅದು 'ಸ್ಮಾಲ್ ಬ್ಲಾಕ್' ಜಾತಿಯದು. 1965ರ ಹೊತ್ತಿಗೆ ಅದೇ ಕಾರಿಗೆ 7 ಲೀಟರಿನ 'ಬಿಗ್ ಬ್ಲಾಕ್' ಬಂತು. ಬಿಗ್ ಬ್ಲಾಕ್ ಎಂದರೆ ಬರೀ ಸಿಸಿ ಹೆಚ್ಚು ಎಂದಲ್ಲ; ಸಿಲಿಂಡರುಗಳನ್ನು ಹೊತ್ತ ಬೀಡಿನ ಬ್ಲಾಕೇ ಉದ್ದಗಲ, ತೂಕದಲ್ಲಿ ದೊಡ್ಡದು. ಈ ಇಂಜಿನ್ನಿನ ತೂಕವೇ ಸುಮಾರು 300 ಕಿಲೋ, ಶಕ್ತಿ 425 ಎಚ್‌ಪಿ.

ಹಳೆ ಚಾಸಿ ಇದನ್ನು ತಾಳಲಿಲ್ಲ. 3 ಇಂಚಿನ ಮುಖ್ಯ ಪೈಪು ತೆಗೆದು 4 ಇಂಚಿನದು ಹಾಕಬೇಕಾಯಿತು. ಪಾಟಾ ಸ್ಪ್ರಿಂಗ್ ಹೋಗಿ ಸುರುಳಿ ಸ್ಪ್ರಿಂಗ್ ಬಂತು. ಅಂದರೆ ಇಂಜಿನ್ ಬದಲಿಸಲು ಹೋದವರು ಇಡೀ ಗಾಡಿಯನ್ನೇ ಬದಲಿಸಿದರು. ದುಡ್ಡು, ಜ್ಞಾನ, ಕಾರ್ಖಾನೆ ಎಲ್ಲ ಇದ್ದವರ ಪಾಡೇ ಹೀಗಾದರೆ ಉಳಿದವರ ಗತಿ?

ಟ್ರ್ಯಾಕ್ಟರ್ ಇಂಜಿನ್ ಹಾಕಿದರೆ?

"ಟ್ರ್ಯಾಕ್ಟರಿಗೆ ಭಾರೀ ಜೋರ ಐತಿ, ಅದನ್ನ ಕಾರಿಗೆ ಹಾಕೋಣ" ಎನ್ನುವವರಿದ್ದಾರೆ. ಜೋರು ಬೇರೆ, ವೇಗ ಬೇರೆ. ಲೆಕ್ಕ ಸರಳವಿದೆ. ಟ್ರ್ಯಾಕ್ಟರ್ ಇಂಜಿನ್ ನಿಮಿಷಕ್ಕೆ ಸುಮಾರು 2,000 ಸುತ್ತು ತಿರುಗುವಂತೆ ಮಾಡಿದ್ದು. ಕಾರಿನ ಟಾಪ್ ಗೇರಿನಲ್ಲಿ, 4ಕ್ಕೆ 1ರ ಆಕ್ಸಲ್ ಇದ್ದರೆ ಚಕ್ರ 500 ಸುತ್ತು ತಿರುಗುತ್ತದೆ. ಚಕ್ರದ ಸುತ್ತಳತೆ 2 ಮೀಟರ್ ಹಿಡಿದರೆ ನಿಮಿಷಕ್ಕೆ 1,000 ಮೀಟರ್, ತಾಸಿಗೆ 60 ಕಿ.ಮೀ. ಆಯಿತು. ನೋಡಲು ಸ್ಪೋರ್ಟ್ಸ್ ಕಾರು, ಓಟ ಮಾತ್ರ ಕಬ್ಬಿನ ಗಾಡಿದು! ಅದೇ ಆಕ್ಸಲ್ಲಿಗೆ 5,000 ಸುತ್ತಿನ ಪೆಟ್ರೋಲ್ ಇಂಜಿನ್ ಕೂಡಿಸಿದರೆ, ಎಳೆಯುವ ಶಕ್ತಿ ಇದ್ದಲ್ಲಿ, ಲೆಕ್ಕ 150ಕ್ಕೆ ಮುಟ್ಟುತ್ತದೆ.

ಅಪಾಯ ಇರುವುದು ಅಲ್ಲಿಯೇ. ವೇಗ ಎರಡು ಪಟ್ಟಾದರೆ ಬ್ರೇಕು ತಡೆಯಬೇಕಾದ ಶಕ್ತಿ ನಾಲ್ಕು ಪಟ್ಟು. ಮೂತಿಯಲ್ಲಿ ಭಾರ ಹೆಚ್ಚಾದರೆ ಸ್ಟಿಯರಿಂಗ್ ಮಾತು ಕೇಳುವುದಿಲ್ಲ. ಕ್ಲಚ್, ಗೇರ್‌ಬಾಕ್ಸ್, ಪ್ರೊಪೆಲ್ಲರ್ ಶಾಫ್ಟ್, ಆಕ್ಸಲ್ ಎಲ್ಲವೂ ಹೊಸ ಇಂಜಿನ್ನಿನ ಜೋರಿಗೆ ತಕ್ಕಂತೆ ಇರಬೇಕು. ರೇಡಿಯೇಟರ್ ಸಣ್ಣದಾದರೆ ಏಪ್ರಿಲ್ ಬಿಸಿಲಿನಲ್ಲಿ ಗಾಡಿ ದಾರಿ ನಡುವೆಯೇ ಕುದಿಯುತ್ತದೆ.

ಬಲ್ಲವರು ಇಂಜಿನ್ ಆರಿಸುವ ಮೊದಲು ಗಾಡಿಯ ತೂಕ ನೋಡುತ್ತಾರೆ. ಮುಂಬಯಿಯ ಚಿಂಕಾರಾ ಕಂಪನಿ ಹಳೆ ಲೋಟಸ್ ಮಾದರಿಯ ಹಗುರ ಕಾರು ಮಾಡಿದಾಗ ಆರಿಸಿದ್ದು 1.8 ಲೀಟರಿನ ಇಸುಜು ಪೆಟ್ರೋಲ್ ಇಂಜಿನ್. ಅಂಬಾಸಿಡರ್, ಕಾಂಟೆಸ್ಸಾ ಕಾರುಗಳಲ್ಲಿ ನಮ್ಮವರು ಕಂಡ ಇಂಜಿನ್ನೇ ಅದು. ಗಾಡಿ ಹಗುರಾದರೆ ಅಷ್ಟೇ ಸಾಕು.

ದೇವರಾಷ್ಟ್ರೆಯ ಜೀಪು

ಸಾಂಗಲಿ ಜಿಲ್ಲೆಗೆ ಇಂಥ ಸಾಹಸ ಹೊಸದಲ್ಲ. ಬೆಳಗಾವಿಯಲ್ಲಿ ಸೈಕಲ್ ಅಂಗಡಿಯಿಂದ ಶುರು ಮಾಡಿದ ಲಕ್ಷ್ಮಣರಾವ್ ಕಿರ್ಲೋಸ್ಕರರು 1910ರಲ್ಲಿ ಕಿರ್ಲೋಸ್ಕರ್‌ವಾಡಿ ಕಟ್ಟಿದ್ದು ಈ ಜಿಲ್ಲೆಯಲ್ಲಿಯೇ. 2021ರ ಡಿಸೆಂಬರಿನಲ್ಲಿ ಇದೇ ಜಿಲ್ಲೆಯ ದೇವರಾಷ್ಟ್ರೆ ಗ್ರಾಮದ ಕಮ್ಮಾರರೊಬ್ಬರು ಮಗನ ಆಸೆಗಾಗಿ ಭಂಗಾರದಿಂದ ಮಾಡಿದ ಪುಟ್ಟ ಜೀಪು ದೇಶದ ಗಮನ ಸೆಳೆಯಿತು. ಖರ್ಚು ಸುಮಾರು 60,000 ರೂಪಾಯಿ. ಮೋಟರ್‌ಸೈಕಲ್ಲಿನಂತೆ ಕಿಕ್ ಹೊಡೆದು ಚಾಲೂ ಮಾಡುವ ಗಾಡಿ. ದೊಡ್ಡ ಇಂಜಿನ್ನಿನ ಗೊಡವೆಗೇ ಅವರು ಹೋಗಲಿಲ್ಲ.

ಉದ್ಯಮಿ ಆನಂದ್ ಮಹೀಂದ್ರಾ ಈ ಜಾಣತನವನ್ನು ಹೊಗಳಿದರು. ಆದರೆ ಗಾಡಿ ನಿಯಮಕ್ಕೆ ಹೊಂದುವುದಿಲ್ಲ, ಇಂದಿಲ್ಲ ನಾಳೆ ಅಧಿಕಾರಿಗಳು ತಡೆಯುತ್ತಾರೆ ಎಂದೂ ಹೇಳಿದರು. ಅದರ ಬದಲಿಗೆ ಬೊಲೆರೊ ಕೊಡುವ ಮಾತು ಕೊಟ್ಟು 2022ರ ಜನವರಿಯಲ್ಲಿ ನಡೆಸಿಕೊಟ್ಟರು. ಆ ಕುಟುಂಬದ ದೈವ ದೊಡ್ಡದು. ಎಲ್ಲರ ಮನೆ ಬಾಗಿಲಿಗೂ ಬೊಲೆರೊ ಬರುವುದಿಲ್ಲ.

ಕಾಯ್ದೆ ಏನು ಹೇಳುತ್ತದೆ?

1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ತಯಾರಕರು ಕೊಟ್ಟ ಮೂಲ ವಿವರಕ್ಕೆ ವಿರುದ್ಧವಾಗಿ ಗಾಡಿ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಖಡಾಖಂಡಿತವಾಗಿ ಹೇಳಿದೆ. ಇಂಜಿನ್ ಬದಲಿಸುವ ಮೊದಲು ಆರ್‌ಟಿಓ ಅನುಮತಿ ಬೇಕು. ಹೊಸದಾಗಿ ಕಟ್ಟಿದ ಮಾದರಿಯಾದರೆ ಪುಣೆಯ ಎಆರ್‌ಎಐದಂಥ ಸಂಸ್ಥೆಯ ಪರೀಕ್ಷೆ ಪಾಸಾಗಬೇಕು. ಮಿರಜ ದಾಟಿ ಕಾಗವಾಡಕ್ಕೆ ಬಂದರೆ ಕಾಯ್ದೆ ಬದಲಾಗುವುದಿಲ್ಲ. ಇದು ಕೇಂದ್ರದ ಕಾನೂನು.

ದಂಡ ಕಟ್ಟಿದರೆ ಮುಗಿಯಿತು ಎಂದು ತಿಳಿಯಬೇಡಿ. ನೋಂದಣಿ, ವಿಮೆ ಇಲ್ಲದ ಗಾಡಿ ಯಾರನ್ನಾದರೂ ಹಾಯ್ದರೆ ಪರಿಹಾರದ ಹೊರೆ ಮಾಲೀಕನ ತಲೆಗೇ ಬರುತ್ತದೆ. ಮಗನ ಹೌಸಿಗೆ ಅಪ್ಪನ ಹೊಲ ಹೋದೀತು.

ನಿಜವಾಗಿಯೂ ಹಳೆ ಗಾಡಿಯ ಮೋಹವಿದ್ದವರಿಗೆ ಇನ್ನೊಂದು ದಾರಿ ಇದೆ. 2021ರ ಜುಲೈನಲ್ಲಿ ಬಂದ ನಿಯಮದಂತೆ, ಮೊದಲ ನೋಂದಣಿಯಾಗಿ 50 ವರ್ಷ ಮೀರಿದ, ಚಾಸಿ, ಬಾಡಿ, ಇಂಜಿನ್ ಹೆಚ್ಚು ಬದಲಾಗದ ಗಾಡಿಯನ್ನು ವಿಂಟೇಜ್ ಎಂದು ನೋಂದಾಯಿಸಬಹುದು. ಹೊಸ ನೋಂದಣಿಗೆ 20,000 ರೂಪಾಯಿ, ಅವಧಿ 10 ವರ್ಷ. ಮೇಳ, ಪ್ರದರ್ಶನಕ್ಕೆ ಒಯ್ಯಬಹುದು. ದಿನನಿತ್ಯದ ಓಡಾಟಕ್ಕೆ, ಬಾಡಿಗೆಗೆ ಅಲ್ಲ. ಅಜ್ಜನ ಕಾಲದ ಜೀಪೊಂದು ಕೊಟ್ಟಿಗೆಯಲ್ಲಿ ಧೂಳು ತಿನ್ನುತ್ತಿದ್ದರೆ, ಕಾಗದಪತ್ರ ನೆಟ್ಟಗಿದ್ದರೆ, ಅದರ ಸ್ವಂತ ಇಂಜಿನ್ನನ್ನೇ ಬಿಚ್ಚಿ ಬೋರ್ ಮಾಡಿಸಿ ಕೂಡಿಸುವುದು ಜಾಣತನ. ನಕಲು ಮಾಡಿಯೇ ತೀರುತ್ತೇನೆ ಎನ್ನುವವರು ಒಂದೇ ಗಾಡಿಯ ಇಂಜಿನ್, ಗೇರ್‌ಬಾಕ್ಸ್, ಆಕ್ಸಲ್, ಬ್ರೇಕುಗಳನ್ನು ಒಟ್ಟಿಗೇ ತರಲಿ. ಗಾಡಿ ತಮ್ಮ ಹೊಲದ ಬದು ದಾಟದಿರಲಿ.

"ಆನೆ ತರೂದು ದೊಡ್ಡದಲ್ಲೋ ತಮ್ಮಾ, ಸಾಕೂದು ದೊಡ್ಡದು," ಎಂದು ಮಿಸ್ತ್ರಿ ಮತ್ತೆ ಪಾನಾ ಕೈಗೆತ್ತಿಕೊಳ್ಳುತ್ತಾನೆ. ಅಪ್ಪ ಟ್ರ್ಯಾಕ್ಟರಿನ ಸಾಮಾನು ಚೀಲಕ್ಕೆ ಹಾಕುತ್ತಾನೆ. ಮಗನ ಕಣ್ಣು ಇನ್ನೂ ಮೂಲೆಯಲ್ಲಿ ಬಿದ್ದ ಲಾರಿ ಇಂಜಿನ್ನಿನ ಮೇಲೆಯೇ ಇರುತ್ತದೆ.